ಭಾಗವಂತಿಯ ತಪ್ಪೇನು?

ಸಂವಹನಶಾಸ್ತ್ರದ ಪುಸ್ತಕಗಳಲ್ಲಿ ಭಾಗವಂತಿ ಎಂಬ ಹೆಂಗಸಿನ ಮೇಲೆ ಒಂದು ಆಪಾದನೆ ಮೂರು ದಶಕಕ್ಕೂ ಮೇಲ್ಪಟ್ಟು ಹಾಗೇ ಕೂತಿದೆ. ಕುಡುಕ ಗಂಡ, ಅಧಿಕಾರ ಚಲಾಯಿಸುವ ಅತ್ತೆ, ಐದು ಮಕ್ಕಳು, ಸಾಲದ ಸಂಬಳ. ಇವೆಲ್ಲವನ್ನೂ ತುಟಿ ಬಿಗಿದು ಹೊತ್ತುಕೊಂಡ ಈ ತಾಯಿಯನ್ನು ಸೃಷ್ಟಿಸಿದ್ದೇ ನೋಡುವವರಿಗೆ ಎಚ್ಚರಿಕೆಯಾಗಲಿ ಎಂದು. ಹೀಗೆ ಬಾಳಬೇಡಿ, ಹೀಗೆ ಸಹಿಸಬೇಡಿ ಎಂದು ತೋರಿಸಲು. ನೋಡಿದ ಹೆಂಗಸರಲ್ಲಿ ಅನೇಕರು ಅವಳನ್ನೇ ಮೆಚ್ಚಿದರು, ಅವಳಂತೆ ಇರಬೇಕು ಎಂದರು. ಯೋಜನೆ ತಲೆಕೆಳಗಾಯಿತು, ಸಂದೇಶ ದಾರಿ ತಪ್ಪಿತು ಎಂದು ವಿದ್ವಾಂಸರು ಬರೆದರು. ಅಂದಿನಿಂದ ಇಂದಿನವರೆಗೆ 'ಹಮ್ ಲೋಗ್' ಧಾರಾವಾಹಿಯ ಪ್ರಸ್ತಾಪ ಬಂದಲ್ಲೆಲ್ಲ ಈ ತೀರ್ಪು ಬಾಲದಂತೆ ಹಿಂದೆಯೇ ಬರುತ್ತದೆ. ಅವಳ ಮಾತುಗಳನ್ನು ಬರೆದ ಮನೋಹರ ಶ್ಯಾಮ ಜೋಶಿ ಈ ಚರ್ಚೆಯಲ್ಲಿ ಬರುವುದೇ ಅಪರೂಪ. ಬಂದರೂ ಯಂತ್ರದಲ್ಲಿ ಸಿಕ್ಕಿಕೊಂಡ ಮರಳಿನ ಹರಳಿನ ಹಾಗೆ.

ಈ ತೀರ್ಪು ತಪ್ಪು. ಭಾಗವಂತಿ ಜೋಶಿಯವರ ಕೈತಪ್ಪಿ ಹುಟ್ಟಿದವಳಲ್ಲ. ಭಾರತದ ಕಿರುತೆರೆಗಾಗಿ ಬರೆದ ಪಾತ್ರಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಒಂದು ಪಾತ್ರ ಅವಳು.

ಜೋಶಿಯವರ ಹೆಸರು ಎರಡು ಕಡೆ ಹಂಚಿಹೋಗಿದೆ. ಹಿಂದಿ ಸಾಹಿತ್ಯದ ಓದುಗರಿಗೆ ಅವರು 'ಕುರು ಕುರು ಸ್ವಾಹಾ', 'ಕಸಪ್', 'ಕ್ಯಾಪ್' ಕಾದಂಬರಿಗಳ ಲೇಖಕ, 'ಸಾಪ್ತಾಹಿಕ ಹಿಂದುಸ್ತಾನ್' ಪತ್ರಿಕೆಯ ಸಂಪಾದಕ. 1933ರಲ್ಲಿ ಅಜ್ಮೇರದಲ್ಲಿ ಹುಟ್ಟಿದ ಕುಮಾವೂಂ ಮೂಲದ ಈ ಬರಹಗಾರನಿಗೆ 'ಕ್ಯಾಪ್'ಗಾಗಿ 2005ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮರುವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಟೀವಿ ನೋಡಿ ಬೆಳೆದವರಿಗೆ ಅವರು 'ಹಮ್ ಲೋಗ್', 'ಬುನಿಯಾದ್', 'ಕಕ್ಕಾಜಿ ಕಹಿನ್', 'ಮುಂಗೇರಿಲಾಲ್ ಕೆ ಹಸೀನ್ ಸಪ್ನೆ', 'ಹಮ್‌ರಾಹಿ' ಬರೆದವರು. ಈ ಎರಡು ಗುಂಪಿನವರೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಸಾಹಿತ್ಯದವರಿಗೆ ಧಾರಾವಾಹಿ ಹೊಟ್ಟೆಪಾಡಿನ ಕೆಲಸ. ಟೀವಿಯವರಿಗೆ ಕಾದಂಬರಿ ಓದುವ ಪುರುಸೊತ್ತಿಲ್ಲ. ನಡುವೆ ನಿಂತ ಸಂವಹನಶಾಸ್ತ್ರಿಗಳು ಮಾತ್ರ 'ಹಮ್ ಲೋಗ್' ಅನ್ನು ನಿಜಕ್ಕೂ ಕೂತು ಪರೀಕ್ಷಿಸಿದರು. ಅದಕ್ಕೆ ಅವರಿಗೆ ಕೃತಜ್ಞತೆ ಸಲ್ಲಲೇಬೇಕು. ತೊಂದರೆಯೆಂದರೆ ಅವರು ಅದನ್ನು ಕೃತಿಯೆಂದು ಓದಲಿಲ್ಲ, ಔಷಧಿಯೆಂದು ಅಳೆದರು.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದೇ. ಮೆಕ್ಸಿಕೋದ ಮಿಗೆಲ್ ಸಬಿದೋ 1975ರಲ್ಲಿ ವಯಸ್ಕರ ಶಿಕ್ಷಣಕ್ಕಾಗಿ 'ವೆನ್ ಕೊನ್ಮಿಗೊ', ಆಮೇಲೆ ಕುಟುಂಬ ಯೋಜನೆಗಾಗಿ 'ಅಕೊಂಪಾನ್ಯಮೆ' ಎಂಬ ಧಾರಾವಾಹಿಗಳನ್ನು ಮಾಡಿದ್ದರು. ಅಲ್ಲಿಗೆ ಹೋಗಿದ್ದ ಕೇಂದ್ರದ ವಾರ್ತಾ ಸಚಿವ ವಸಂತ ಸಾಠೆಯವರಿಗೆ ಆ ಮಾದರಿ ಹಿಡಿಸಿತು. ಸಬಿದೋ ಸೂತ್ರದ ಹಿಂದೆ ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞನ ಸಿದ್ಧಾಂತವಿದೆ: ಮನುಷ್ಯ ಬೇರೆಯವರನ್ನು ನೋಡಿ ಕಲಿಯುತ್ತಾನೆ. ಹಾಗಾಗಿ ಕಥೆಯಲ್ಲಿ ಮೂರು ಬಗೆಯ ಜನ ಬೇಕು. ಅನುಸರಿಸಬೇಕಾದವರು, ಅನುಸರಿಸಬಾರದವರು, ಎರಡರ ನಡುವೆ ಓಲಾಡಿ ಕೊನೆಗೆ ಸರಿದಾರಿಗೆ ಬರುವವರು. ಒಳ್ಳೆಯವನಿಗೆ ಫಲ, ಕೆಟ್ಟವನಿಗೆ ಶಿಕ್ಷೆ, ಕೊನೆಯಲ್ಲಿ ಜನ ನಂಬುವ ಹಿರಿಯನೊಬ್ಬನ ಬಾಯಿಂದ ಪಾಠ.

1984ರ ಜುಲೈ 7ರಂದು ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾಯಿತು. ಪಿ. ಕುಮಾರ್ ವಾಸುದೇವ್ ನಿರ್ದೇಶನ. ಮುಂದಿನ ವರ್ಷದ ಡಿಸೆಂಬರ್ ತನಕ, ಹದಿನೇಳು ತಿಂಗಳು, ನೂರೈವತ್ತಕ್ಕೂ ಹೆಚ್ಚು ಕಂತು. ಮೊದಲ ಹದಿಮೂರು ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶ ಎಷ್ಟು ಢಾಳಾಗಿತ್ತೆಂದರೆ ಜನ ಬೇಸರಪಟ್ಟರು. ಕಥೆ ಕುಂಟುತ್ತಿದೆ, ಭಾಷಣ ಜಾಸ್ತಿ ಎಂಬ ದೂರು ಬಂತು. ಜೋಶಿ ಉಪದೇಶವನ್ನು ಹಿಂದಕ್ಕೆ ಸರಿಸಿ ಮನೆಯನ್ನು ಮುಂದಕ್ಕೆ ತಂದರು. ಸಂತಾನಮಿತಿಯ ಬದಲು ಹೆಣ್ಣಿನ ಸ್ಥಾನಮಾನ, ಒಟ್ಟು ಕುಟುಂಬದ ತಿಕ್ಕಾಟ, ನಿರುದ್ಯೋಗ, ಕುಡಿತ ಕಥೆಯನ್ನು ಆಳತೊಡಗಿದವು. ಇತಿಹಾಸಗಳಲ್ಲಿ ಇದನ್ನು ರಾಜಿಯೆಂಬಂತೆ ಬರೆಯುತ್ತಾರೆ. ಬರಹಗಾರ ತನ್ನ ಕಸುಬನ್ನು ಕೈಗೆತ್ತಿಕೊಂಡ ಗಳಿಗೆ ಅದು.

ಆ ಕಸುಬು ಏನೆಂಬುದನ್ನು ಹೆಸರುಗಳಿಂದಲೇ ನೋಡಬಹುದು. ಹೆಸರಿಡುವುದರಲ್ಲಿ ಜೋಶಿ ತೋರಿದ ಸೂಕ್ಷ್ಮ ಯಾವ ಸಮೀಕ್ಷೆಯ ಕೋಷ್ಟಕಕ್ಕೂ ಸಿಕ್ಕಿಲ್ಲ.

ಮನೆಯ ಮೂರು ಹೆಣ್ಣುಮಕ್ಕಳು ಬಡ್ಕಿ, ಮಝ್ಲಿ, ಛುಟ್ಕಿ. ದೊಡ್ಡವಳು, ನಡುವಿನವಳು, ಚಿಕ್ಕವಳು. ಗಂಡುಮಕ್ಕಳು ಲಲ್ಲೂ, ನನ್ಹೇ. ಇವು ಹೆಸರುಗಳಲ್ಲ, ಮನೆಯೊಳಗಿನ ಜಾಗಗಳು. ನಮ್ಮಲ್ಲಿ ದೊಡ್ಡಕ್ಕ, ಚಿಕ್ಕಮ್ಮ, ಪುಟ್ಟ, ಪುಟ್ಟಿ ಎನ್ನುವ ಹಾಗೆ. ಹೊಸ್ತಿಲು ದಾಟಿದರೆ ಈ ಕರೆಗಳಿಗೆ ಅರ್ಥವೇ ಇಲ್ಲ. ಯಾರಿಗಿಂತ ದೊಡ್ಡವಳು, ಯಾರಿಗಿಂತ ಚಿಕ್ಕವಳು ಎಂದು ಬೀದಿಗೆ ಗೊತ್ತಿರುವುದಿಲ್ಲ. ಈ ಹುಡುಗಿಯರಿಗೆ ಶಾಲೆಯ ಹಾಜರಿ ಪುಸ್ತಕದ ಹೆಸರುಗಳೂ ಇವೆ: ಗುಣವಂತಿ, ರೂಪವಂತಿ, ಪ್ರೀತಿ. ಆದರೆ ದೇಶವಿಡೀ ಅವರನ್ನು ಬಲ್ಲದ್ದು ಮನೆಮಂದಿ ಕರೆಯುವ ಹೆಸರಿನಿಂದ. ಬಡ್ಕಿಯ ಮದುವೆ ಎಂದಾಗ ಉತ್ತರ ಭಾರತದ ಪೇಟೆಗಳಲ್ಲಿ ಬೇಗ ಬಾಗಿಲು ಹಾಕಿ ಜನ ಮನೆಗೆ ಹೋದರು ಎಂಬುದು ದಾಖಲಾದ ಸಂಗತಿ. ಅವರು ನೋಡಹೋದದ್ದು ಗುಣವಂತಿಯ ಮದುವೆಯನ್ನಲ್ಲ, ಬಡ್ಕಿಯ ಮದುವೆಯನ್ನು. ಒಬ್ಬ ನೋಡುಗ ಆ ಹುಡುಗಿಯನ್ನು ಬಡ್ಕಿ ಎಂದು ಕರೆದನೆಂದರೆ ಅವನು ಆಗಲೇ ಹೊಸ್ತಿಲು ದಾಟಿ ಒಳಗೆ ಬಂದು ಕೂತಿದ್ದಾನೆ. ಯಾರದೋ ಮನೆಯ ಕಥೆಯನ್ನು ಕಿಟಕಿಯಿಂದ ನೋಡುವ ಅವಕಾಶವನ್ನು ಜೋಶಿ ಅವನಿಗೆ ಕೊಡಲೇ ಇಲ್ಲ.

ಒಳಗೆ ಕೂತವನಿಗೆ ಆ ಮನೆಯ ತಾಯಿ 'ಅನುಸರಿಸಬಾರದ ಮಾದರಿ'ಯಾಗಿ ಕಾಣುವುದು ಹೇಗೆ?

ಇನ್ನೂ ಸ್ವಲ್ಪ ಹತ್ತಿರ ಹೋಗಬೇಕು. ಭಾಗವಂತಿ, ಗುಣವಂತಿ, ರೂಪವಂತಿ. ತಾಯಿ ಮತ್ತು ಇಬ್ಬರು ಹಿರಿಯ ಹೆಣ್ಣುಮಕ್ಕಳ ಹೆಸರು ಒಂದೇ ಪ್ರತ್ಯಯದಿಂದ ಮುಗಿಯುತ್ತವೆ. ಕನ್ನಡದ ಕಿವಿಗೆ ಇದು ವಿವರಣೆಯಿಲ್ಲದೆ ತಾಕುತ್ತದೆ: ಭಾಗ್ಯವಂತೆ, ಗುಣವಂತೆ, ರೂಪವಂತೆ. ಹೆಣ್ಣು ಮಗುವಿಗೆ ಹಿರಿಯರು ಹರಸುವ ಮೂರು ಹರಕೆಗಳು. ಭಾಗ್ಯವುಳ್ಳವಳ ಪಾಲಿಗೆ ಬಂದದ್ದು ಬಸೇಸರ್ ರಾಮ್ ಎಂಬ ಕುಡುಕ. ಗುಣವುಳ್ಳವಳು ಬಹುಕಾಲ ಮದುವೆಯಾಗದೆ ಮನೆಯ ಭಾರ ಹೊತ್ತು ಸವೆಯುತ್ತಾಳೆ. ರೂಪವುಳ್ಳವಳು ಸಿನಿಮಾ ತಾರೆಯಾಗುವ ಆಸೆಗೆ ಬಿದ್ದು ಮೋಸಹೋಗುತ್ತಾಳೆ. ಮೂರು ಹರಕೆಗಳೂ ಹುಸಿಯಾದ ಮನೆ ಅದು. ಚಿಕ್ಕವಳ ಹೆಸರಿನಲ್ಲಿ ಮಾತ್ರ ಆ ಪ್ರತ್ಯಯವಿಲ್ಲ. ಅವಳು ಬರೀ ಪ್ರೀತಿ, ಓದಿ ಡಾಕ್ಟರಾಗಬೇಕು ಎನ್ನುವವಳು. ಹಳೆಯ ಹರಕೆಯ ಸರಪಳಿ ಅವಳಲ್ಲಿಗೆ ಬಂದು ಕಡಿಯುತ್ತದೆ. ಹೆಣ್ಣುಮಕ್ಕಳು ಓದಬೇಕು, ಅವರ ಬಾಳು ಬದಲಾಗಬೇಕು ಎಂಬ ಸರಕಾರದ ಪಾಠವೆಲ್ಲ ಈ ನಾಲ್ಕು ಹೆಸರುಗಳಲ್ಲಿ ಅಡಗಿದೆ. ಅದನ್ನು ಯಾರೂ ಯಾರಿಗೂ ಬೋಧಿಸಬೇಕಾಗಿರಲಿಲ್ಲ.

ಬೋಧಿಸಲೆಂದೇ ಒಬ್ಬರಿದ್ದರು. ಪ್ರತಿ ಕಂತಿನ ಕೊನೆಗೆ ಮೂವತ್ತು ನಲವತ್ತು ಸೆಕೆಂಡು ಅಶೋಕ್ ಕುಮಾರ್ ಬರುತ್ತಿದ್ದರು. 'ಅಛೂತ್ ಕನ್ಯಾ', 'ಕಿಸ್ಮತ್' ಕಾಲದ ನಾಯಕ, ಆಗ ಎಲ್ಲರ ದಾದಾಮೋನಿ. ಅಂದಿನ ಕಥೆಯ ಎಳೆ ಹಿಡಿದು, ದ್ವಿಪದಿಯೋ ಪ್ರಾಸದ ಸಾಲೋ ಸೇರಿಸಿ, ನಗುತ್ತ ಮಾತಾಡಿ ಹೋಗುತ್ತಿದ್ದರು. ಸಬಿದೋ ಸೂತ್ರದಲ್ಲಿ ಈ ಭರತವಾಕ್ಯದ ಕೆಲಸ ಅರ್ಥಕ್ಕೆ ಬೀಗ ಹಾಕುವುದು. ನೋಡಿದ್ದರಿಂದ ಏನು ಕಲಿಯಬೇಕೆಂದು ಕೊನೆಗೊಮ್ಮೆ ಗಟ್ಟಿಯಾಗಿ ಹೇಳಿ ಕಳಿಸುವುದು. ಸೂತ್ರವನ್ನು ನಂಬಿದವರು ಈ ಅರ್ಧ ನಿಮಿಷವನ್ನೇ ಇಡೀ ಧಾರಾವಾಹಿಯ ಕೀಲಿಕೈ ಎಂದು ತಿಳಿದರು.

ತಾಳಮದ್ದಳೆ ನೋಡಿದವರು ಇದನ್ನು ಬೇರೆ ಕಣ್ಣಿನಿಂದ ನೋಡಬಲ್ಲರು. ವಾಲಿವಧೆಯ ಪ್ರಸಂಗದಲ್ಲಿ ಗೆಲುವು ರಾಮನದೆಂದು ಕವಿ ಮೊದಲೇ ಬರೆದಿಟ್ಟಿರುತ್ತಾನೆ. ಭಾಗವತರು ಪದ ಹೇಳುತ್ತಾರೆ, ಬಾಣ ನೆಟ್ಟಿರುತ್ತದೆ, ವಾಲಿ ಬಿದ್ದಿರುತ್ತಾನೆ. ಬಿದ್ದ ವಾಲಿಯ ಅರ್ಥಧಾರಿ ಬಾಯಿ ತೆರೆದು, ಮರೆಯಲ್ಲಿ ನಿಂತು ಹೊಡೆದವನನ್ನು ಪ್ರಶ್ನಿಸತೊಡಗಿದರೆ ಸಭೆ ನಡುಗುತ್ತದೆ. ಪ್ರಸಂಗ ಬದಲಾಗುವುದಿಲ್ಲ, ಜನ ಮನೆಗೆ ಕೊಂಡೊಯ್ಯುವುದು ಮಾತ್ರ ವಾಲಿಯ ಮಾತನ್ನು. ರನ್ನನ ದುರ್ಯೋಧನನನ್ನು ಕನ್ನಡ ವಿಮರ್ಶೆ ದುರಂತ ನಾಯಕನೆಂದು ಓದಿದ್ದೂ ಹೀಗೆಯೇ. ಕಾವ್ಯದ ನಾಯಕ ಭೀಮನೆಂಬುದು ಓದಿದವರಿಗೆಲ್ಲ ಗೊತ್ತಿತ್ತು. ಆ ಓದನ್ನು ತಪ್ಪು ಗ್ರಹಿಕೆ ಎಂದು ಯಾವ ಕೋಷ್ಟಕದಲ್ಲೂ ಯಾರೂ ಗುರುತು ಹಾಕಲಿಲ್ಲ. ಸೋಲಬೇಕಾದವನಿಗೆ ಪೂರ್ತಿ ನಾಲಗೆ ಕೊಡುವುದು ಈ ದೇಶದ ಕಥನದಲ್ಲಿ ಬಹಳ ಹಳೆಯ ರೂಢಿ.

ಜೋಶಿಯವರ ಬರವಣಿಗೆಯಲ್ಲಿ ಅಶೋಕ್ ಕುಮಾರ್ ಭಾಗವತರ ಜಾಗದಲ್ಲಿ ನಿಂತಿದ್ದಾರೆ. ಅವರ ಮಾತಿಗೆ ಪ್ರಾಸವಿದೆ, ನಗುವಿದೆ, ಹಿರಿತನವಿದೆ. ಆದರೆ ಅವರು ಆ ಮನೆಯವರಲ್ಲ. ಇಪ್ಪತ್ತು ನಿಮಿಷ ನೋಡುಗ ಒಂದು ಇಕ್ಕಟ್ಟಾದ ಮನೆಯಲ್ಲಿ ಕೂತು ಒಬ್ಬಳ ಸಂಕಟ ನೋಡಿದ್ದಾನೆ; ಅರ್ಧ ನಿಮಿಷ ಹೊರಗಿನ ದೊಡ್ಡವರೊಬ್ಬರು ಬಂದು ಅದರ ಬಗ್ಗೆ ಮಾತಾಡುತ್ತಾರೆ. ಎರಡರ ತೂಕ ಒಂದೇ ಆಗಲು ಸಾಧ್ಯವಿಲ್ಲ. ಒಬ್ಬ ಅನುಭವಿ ಕಾದಂಬರಿಕಾರನಿಗೆ ಇದು ಗೊತ್ತಿರಲಿಲ್ಲ ಎನ್ನುವುದನ್ನು ನಂಬುವುದು ಕಷ್ಟ. 1980ರಲ್ಲೇ 'ಕುರು ಕುರು ಸ್ವಾಹಾ' ಬರೆದವರು ಅವರು. ಅಲ್ಲಿ ನಿರೂಪಕನೇ ಮೂರಾಗಿ ಒಡೆದು, ಒಬ್ಬರ ಮಾತನ್ನು ಇನ್ನೊಬ್ಬರು ತಳ್ಳಿಹಾಕುತ್ತ ಹೋಗುತ್ತಾರೆ. ಕಥೆ ಹೇಳುವವನ ಮಾತಿಗೂ ಕಥೆಗೂ ನಡುವೆ ಬಿರುಕು ಬಿಡುವುದು ಅವರ ಕೈಗೆ ಪಳಗಿದ ವಿದ್ಯೆ. 'ಹಮ್ ಲೋಗ್' ಕೊನೆಕೊನೆಯ ಕಂತುಗಳಲ್ಲಿ ಅಶೋಕ್ ಕುಮಾರ್ ಪಾತ್ರಧಾರಿಗಳನ್ನೇ ಕರೆದು ನೋಡುಗರಿಗೆ ಪರಿಚಯಿಸತೊಡಗಿದರು. ಬಣ್ಣ ಕಳಚಿ ತೋರಿಸುವ ಈ ಆಟವನ್ನು ಪಾಠ ಮಾಡುವ ಉಪಾಧ್ಯಾಯ ಆಡುವುದಿಲ್ಲ, ಕಥೆಗಾರ ಆಡುತ್ತಾನೆ.

ಬೀಗ ಬೀಳಲಿಲ್ಲ ಎಂಬುದಕ್ಕೆ ಸಾಕ್ಷಿ ಅಂಚೆಯಲ್ಲಿ ಬಂತು. ಹದಿನೇಳು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪತ್ರಗಳು, ಎಷ್ಟೋ ನೇರವಾಗಿ ಅಶೋಕ್ ಕುಮಾರರ ಹೆಸರಿಗೆ. ಪಾಠ ಕೇಳಿ ಒಪ್ಪಿಕೊಂಡವರು ಪತ್ರ ಬರೆಯುವುದಿಲ್ಲ. ಬಡ್ಕಿಯನ್ನು ಡಾಕ್ಟರ್ ಅಶ್ವಿನಿಗೆ ಕೊಟ್ಟು ಮದುವೆ ಮಾಡಿಸಿ ಎಂದು ಬೇಡಿಕೊಂಡವರು, ಮಝ್ಲಿಗೆ ಬುದ್ಧಿ ಹೇಳಿದವರು, ಭಾಗವಂತಿಗಾಗಿ ಕಣ್ಣೀರಿಟ್ಟವರು ವಾದಕ್ಕೆ ಇಳಿದಿದ್ದರು.

ಇಲ್ಲಿ ಸಂವಹನಶಾಸ್ತ್ರಿಗಳಾದ ಅರವಿಂದ ಸಿಂಘಲ್ ಮತ್ತು ಎವರೆಟ್ ರೋಜರ್ಸ್ ಅವರ ಜೊತೆಗಿನ ಜಗಳವನ್ನು ಬಿಚ್ಚಿ ಹೇಳಬೇಕು. 'ಹಮ್ ಲೋಗ್' ಕುರಿತ ಅತ್ಯಂತ ಶ್ರದ್ಧೆಯ ಕೆಲಸ ಅವರದು. ಕಂತುಗಳ ಚಿತ್ರಕಥೆಗಳನ್ನು ಒಂದೊಂದಾಗಿ ವಿಶ್ಲೇಷಿಸಿದರು, ನೋಡುಗರ ಪತ್ರಗಳನ್ನು ಓದಿದರು, 1987ರಲ್ಲಿ ದೆಹಲಿ, ಪುಣೆ, ಮದ್ರಾಸು ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಭಾಗವಂತಿಯ ವಿಷಯದಲ್ಲಿ ಸಿಕ್ಕ ಫಲಿತಾಂಶ ತಮ್ಮ ನಿರೀಕ್ಷೆಗೆ ಎದುರಾಗಿದ್ದರೂ ಮುಚ್ಚಿಡಲಿಲ್ಲ. ಅಷ್ಟರ ಮಟ್ಟಿಗೆ ಅವರ ಪ್ರಾಮಾಣಿಕತೆ ದೊಡ್ಡದು. ಅವರು ಕೇಳಿದ ಪ್ರಶ್ನೆಯಲ್ಲೇ ಎಡವಟ್ಟಿದೆ. ಧಾರಾವಾಹಿ ಮುಗಿದು ವರ್ಷದ ಮೇಲೆ, ಯಾರನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತೀರಿ ಎಂದು ಪರಿಚಯವಿಲ್ಲದವರು ಬಂದು ಕೇಳಿದರೆ, ಭಾಗವಂತಿಯಂಥದೇ ಮನೆಯಲ್ಲಿ ಒಲೆ ಮುಂದೆ ದಿನ ಕಳೆಯುವ ಹೆಂಗಸು ಯಾರ ಹೆಸರು ಹೇಳಬೇಕು? ಭಾಗವಂತಿ ಬೇಡ ಎಂದರೆ ತನ್ನ ಬಾಳೇ ಬೇಡ ಎಂದಂತೆ. ಅವಳ ಹೆಸರು ಹೇಳಿದರೆ ತಾನು ಇಷ್ಟು ವರ್ಷ ಸವೆಸಿದ್ದಕ್ಕೆ ಒಂದು ಬೆಲೆ ಇದೆ ಎಂದಂತೆ. ಆ ಉತ್ತರದಲ್ಲಿ ಅನುಕರಣೆಯ ಆಸೆ ಇದೆಯೋ, ತನ್ನನ್ನು ಕೊನೆಗೂ ಯಾರೋ ಗಮನಿಸಿದರು ಎಂಬ ಸಮಾಧಾನ ಇದೆಯೋ ಎಂದು ಪ್ರಶ್ನಾವಳಿ ಕೇಳಲಿಲ್ಲ. ದೆಹಲಿಯ ಹೆಂಗಸರು ದೂರದರ್ಶನವನ್ನು ತಮ್ಮ ಬದುಕಿನ ಜೊತೆ ಹೆಣೆದು ಹೇಗೆ ಮಾತಾಡುತ್ತಿದ್ದರು ಎಂದು ಮನೆಮನೆಗೆ ಹೋಗಿ ಕೇಳಿಸಿಕೊಂಡ ಪೂರ್ಣಿಮಾ ಮಂಕೇಕರ್ ಅವರ ಅಧ್ಯಯನ ಈ ದೃಷ್ಟಿಯಲ್ಲಿ ಹೆಚ್ಚು ಮನುಷ್ಯರ ಹತ್ತಿರ ಇದೆ.

ಈ ತಲೆಕೆಳಗಾದ ಮೆಚ್ಚುಗೆಗೆ ವಿದ್ವಾಂಸರು ಒಂದು ಅಮೆರಿಕನ್ ಹೆಸರನ್ನೂ ತಂದು ಅಂಟಿಸಿದರು: ಆರ್ಚಿ ಬಂಕರ್ ಪರಿಣಾಮ. ನಾರ್ಮನ್ ಲಿಯರ್ ಅವರ 'ಆಲ್ ಇನ್ ದ ಫ್ಯಾಮಿಲಿ'ಯಲ್ಲಿ ಆರ್ಚಿ ಒಬ್ಬ ವರ್ಣದ್ವೇಷಿ ತಂದೆ. ಅವನನ್ನು ನೋಡಿ ಜನ ತಮ್ಮ ಪೂರ್ವಗ್ರಹಕ್ಕೆ ನಾಚಲಿ ಎಂಬುದು ಉದ್ದೇಶ. 1974ರ ಒಂದು ಅಧ್ಯಯನ ಕಂಡದ್ದೇ ಬೇರೆ: ಪೂರ್ವಗ್ರಹ ಇದ್ದವರಿಗೆ ಆರ್ಚಿಯ ಮಾತೇ ಸರಿಯೆನಿಸುತ್ತಿತ್ತು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಜಾನಿ ಸ್ಪೈಟ್ ಬರೆದ ಆಲ್ಫ್ ಗಾರ್ನೆಟ್ ಪಾತ್ರಕ್ಕೂ ಇದೇ ಗತಿಯಾಗಿತ್ತು. ಆರ್ಚಿಯ ಕಥೆಯೇ ಇಂಗ್ಲೆಂಡಿನ ಆ ಧಾರಾವಾಹಿಯಿಂದ ಬಂದದ್ದು.

ಭಾಗವಂತಿಯನ್ನು ಇವರ ಪಕ್ಕ ಕೂರಿಸುವುದು ಅನ್ಯಾಯ. ಆರ್ಚಿಯೂ ಆಲ್ಫೂ ಬಾಯಿಬಡುಕರು. ಬೇರೆಯವರನ್ನು ತುಳಿಯುವ ಮಾತು ಅವರದು. ಅವರನ್ನು ಮೆಚ್ಚಿದವನು ತುಳಿಯುವವನ ಪಕ್ಷ ಸೇರುತ್ತಾನೆ. ಭಾಗವಂತಿ ಯಾರನ್ನೂ ತುಳಿಯಲಿಲ್ಲ, ತುಳಿಸಿಕೊಂಡವಳು. ತುಳಿಸಿಕೊಂಡವಳಿಗೆ ಮರುಗುವುದನ್ನೂ ತುಳಿಯುವವನಿಗೆ ಚಪ್ಪಾಳೆ ತಟ್ಟುವುದನ್ನೂ ಒಂದೇ ಚೀಟಿಯ ಕೆಳಗೆ ಸೇರಿಸುವುದು ಓದಿನ ಸೋಮಾರಿತನ. ಆ ಮನೆಯಲ್ಲಿ ಆರ್ಚಿಗೆ ಸಮನಾದವನು ಬಸೇಸರ್ ರಾಮ್. ಅವನಂತಾಗಬೇಕೆಂದು ಯಾರೂ ಹೊರಡಲಿಲ್ಲ. ಜೋಶಿಯವರ ನೋಡುಗರಿಗೆ ಯಾರು ಯಾರೆಂದು ಚೆನ್ನಾಗಿಯೇ ಗೊತ್ತಿತ್ತು.

ಹೆಂಗಸಿನ ಸಹನೆಯನ್ನು ಇಷ್ಟು ಹೃದಯಂಗಮವಾಗಿ ಬರೆದರೆ ಆ ಸಹನೆಯೇ ಪೂಜೆಗೆ ಏರುವುದಿಲ್ಲವೇ ಎಂಬ ಆಕ್ಷೇಪ ಉಳಿಯುತ್ತದೆ. ಅದು ಹಗುರವಾದದ್ದಲ್ಲ. ಕಿರುತೆರೆಯಲ್ಲಿ ಆಮೇಲೆ ಬಂದ ಕಣ್ಣೀರ ಸೊಸೆಯರ ಸಾಲು ನೋಡಿದರೆ ಭಯವೂ ಆಗುತ್ತದೆ. ಆದರೆ ಆ ಸೊಸೆಯರಿಗೆ ಕೊನೆಯಲ್ಲಿ ಫಲ ಸಿಗುತ್ತದೆ. ಸಹನೆ ಅಲ್ಲಿ ಬಂಡವಾಳ. ಭಾಗವಂತಿಯ ಸಹನೆಗೆ ಜೋಶಿ ಬಡ್ಡಿ ಕಟ್ಟಿಕೊಡಲಿಲ್ಲ. ಹೆಸರು ಭಾಗ್ಯವಂತೆಯದು, ಬಾಳು ಹಾಗಲ್ಲ.

ಜೋಶಿಯವರನ್ನು ನಿಜವಾಗಿ ಹಿಡಿದು ಕೇಳಬೇಕಾದ ಜಾಗ ಮಝ್ಲಿ. ಸಿನಿಮಾದ ಆಸೆಗೆ ಮುಂಬೈಗೆ ಹೋದ ಹುಡುಗಿ ಮೋಸಹೋಗಿ ನೋಯುತ್ತಾಳೆ. ಸೂತ್ರ ಬೇಡಿದ್ದು ಇದನ್ನೇ: ಅಡ್ಡದಾರಿ ಹಿಡಿದವಳಿಗೆ ಶಿಕ್ಷೆ. ತಾಯಿಯ ವಿಷಯದಲ್ಲಿ ಸೂತ್ರವನ್ನು ಮೀರಿದ ಲೇಖಕ ಮಗಳ ವಿಷಯದಲ್ಲಿ ಅದಕ್ಕೆ ತಲೆಬಾಗಿದರು. ಇಕ್ಕಟ್ಟಿನ ಮನೆಯಿಂದ ಹೊರಗೆ ಹೋಗುವ ಆಸೆ ತಪ್ಪೇನೂ ಅಲ್ಲ. ಆ ಆಸೆಯನ್ನು ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಬಡ್ಕಿಯ ದುಡಿಮೆ, ಸ್ವಾಭಿಮಾನ ಎಲ್ಲವೂ ಒಂದು ಒಳ್ಳೆಯ ಮದುವೆಯ ಕಡೆಗೆ ಹರಿದು ನಿಂತದ್ದೂ ಅದೇ ದೌರ್ಬಲ್ಯ, ಸ್ವಲ್ಪ ಸಿಹಿಯಾಗಿ. ವಿದ್ವಾಂಸರು ಈ ಎರಡನ್ನೂ ಯೋಜನೆಯಂತೆ ನಡೆದ ಭಾಗಗಳೆಂದು ಲೆಕ್ಕ ಹಾಕಿದರು. ಕೃತಿ ಸೊರಗಿದ್ದು ಅಲ್ಲೇ.

ಇನ್ನು 'ಬುನಿಯಾದ್' ವಿಷಯ. 1986ರಲ್ಲಿ ಬಂದ, 'ಶೋಲೆ'ಯ ರಮೇಶ್ ಸಿಪ್ಪಿ ನಿರ್ದೇಶಿಸಿದ ಈ ಧಾರಾವಾಹಿಯನ್ನೇ ಜೋಶಿಯವರ ಶಿಖರ ಎನ್ನುವವರು ಬಹಳ. ಲಾಹೋರಿನ ಒಂದು ಮನೆತನ, ಸ್ವಾತಂತ್ರ್ಯ ಹೋರಾಟ, ದೇಶವಿಭಜನೆ, ದೆಹಲಿಯಲ್ಲಿ ಮತ್ತೆ ಬೇರೂರುವ ಕಥೆ. ಕುಮಾವೂಂ ಮೂಲದ ಬರಹಗಾರ ಪಂಜಾಬಿ ಮನೆತನವೊಂದರ ಅರವತ್ತು ವರ್ಷಗಳ ಮಾತನ್ನು ಕಿವಿಯಲ್ಲಿ ತುಂಬಿಕೊಂಡು ಬರೆದದ್ದು ಸಣ್ಣ ಸಾಧನೆಯಲ್ಲ. ಗೋವಿಂದ ನಿಹಲಾನಿಯವರ 'ತಮಸ್' ಬರುವುದಕ್ಕೆ ಮೊದಲೇ ವಿಭಜನೆಯ ಗಾಯವನ್ನು ಪ್ರತಿ ಮನೆಯ ಪಡಸಾಲೆಗೆ ತಂದ ಧೈರ್ಯವೂ ದೊಡ್ಡದು. ಆದರೆ ಹೊಗಳಿಕೆ ಅಳತೆ ಮೀರಿದೆ. 'ಬುನಿಯಾದ್'ನಲ್ಲಿ ದುಃಖವನ್ನು ಇತಿಹಾಸವೇ ಒದಗಿಸುತ್ತದೆ. ಪಾತ್ರಗಳು ಅದರ ಎದುರು ದೊಡ್ಡವರಾಗಿ ನಿಂತರೆ ಸಾಕು, ನೋಡುಗ ತಲೆಬಾಗುತ್ತಾನೆ. ಮಾಸ್ತರ್ ಹವೇಲಿರಾಮ್ ಆದರ್ಶದ ಮನುಷ್ಯ. ಅವನ ಆದರ್ಶವೇ ಎಷ್ಟೋ ಕಡೆ ಅವನ ಮಾತನ್ನು ಕಟ್ಟಿಹಾಕುತ್ತದೆ. ಲಾಜೋ ಬಂದಾಗ ಮಾತಿಗೆ ಜೀವ ಬರುತ್ತದೆ. 'ಹಮ್ ಲೋಗ್'ನಲ್ಲಿ ಇತಿಹಾಸದ ನೆರವಿಲ್ಲ. ಅಲ್ಲಿ ಸಂಬಳ ಸಾಲದು, ಕೆಲಸ ಸಿಗದು, ಗಂಡ ಕುಡಿದು ಬರುತ್ತಾನೆ. ಇಷ್ಟರಿಂದಲೇ ನೂರೈವತ್ತು ಕಂತು ಕಟ್ಟುವುದು ಹೆಚ್ಚು ಕಷ್ಟದ ಕೆಲಸ. ವಿಭಜನೆಯ ಕಥೆಗೆ ಸಿಕ್ಕುವ ಗೌರವ ಅಡುಗೆಮನೆಯ ಕಥೆಗೆ ಸಿಕ್ಕುವುದಿಲ್ಲ ಎಂಬುದೇ ಈ ಎರಡು ಧಾರಾವಾಹಿಗಳ ಕೀರ್ತಿಯ ಅಂತರಕ್ಕೆ ಕಾರಣ.

ಉಳಿದವುಗಳಲ್ಲೂ ಭಾಗವಂತಿಯ ಗುಟ್ಟು ಮತ್ತೆ ಮತ್ತೆ ಕಾಣುತ್ತದೆ. 'ಕಕ್ಕಾಜಿ ಕಹಿನ್'ನ ರಾಜಕಾರಣಿ ಭ್ರಷ್ಟ. ಆದರೆ ಪೂರ್ವದ ಹಳ್ಳಿಯ ಹಿಂದಿಯನ್ನು ಓಂ ಪುರಿ ಬಾಯಲ್ಲಿ ಕೇಳುತ್ತಿದ್ದರೆ ಅವನ ಕಡೆಗೆ ಮನಸ್ಸು ವಾಲುತ್ತದೆ. ವಾಲಿದ್ದಕ್ಕೆ ನೋಡುಗನಿಗೇ ಕಸಿವಿಸಿಯಾಗುತ್ತದೆ. ಪ್ರಕಾಶ್ ಝಾ ನಿರ್ದೇಶಿಸಿದ 'ಮುಂಗೇರಿಲಾಲ್'ನ ಗುಮಾಸ್ತ ಹಗಲುಗನಸಿನಲ್ಲಿ ಕಾಲ ಕಳೆಯುವವನು, ಯಾವ ಅಭಿವೃದ್ಧಿ ಯೋಜನೆಗೂ ಬೇಡದವನು. ರಘುವೀರ್ ಯಾದವ್ ಮುಖದಲ್ಲಿ ಆ ಕನಸು ಅರಳುವುದನ್ನು ನೋಡಿದವರು ಅವನ ಹೆಸರನ್ನೇ ಹಿಂದಿಯ ಆಡುಮಾತಿಗೆ ಸೇರಿಸಿಕೊಂಡರು. 1992ರ 'ಹಮ್‌ರಾಹಿ' ಮತ್ತೆ ಸಾಮಾಜಿಕ ಸಂದೇಶಕ್ಕೆಂದೇ ಬಂದದ್ದು. ಎಳೆಯ ವಯಸ್ಸಿನಲ್ಲೇ ತಾಯಾಗಹೋಗಿ ಸಾಯುವ ಅಂಗೂರಿಯ ಕಥೆ ಅದರ ಕೇಂದ್ರದಲ್ಲಿತ್ತು. ಜನರ ನಾಲಗೆಯ ಮೇಲೆ ಉಳಿದದ್ದು ಹಿಮಾನಿ ಶಿವಪುರಿಯವರ ಜಬರ್ದಸ್ತು ಬಾಯಿಯ ದೇವಕಿ ಭೌಜಾಯಿ. ಒಮ್ಮೆ ಆದರೆ ಅಪಘಾತ ಎನ್ನಬಹುದಿತ್ತು. ಧಾರಾವಾಹಿಯ ಮೇಲೆ ಧಾರಾವಾಹಿಯಲ್ಲಿ ಆದರೆ ಅದು ಬರಹಗಾರನ ಸ್ವಭಾವ. ಯಾರಿಗೆ ಮಾತು ಕೊಟ್ಟರೂ ಅವರ ಊರಿನ, ಅವರ ಜಾತಿಯ, ಅವರ ವಯಸ್ಸಿನ ಮಾತನ್ನೇ ಕೊಡುವವನ ಕೈಯಲ್ಲಿ ಬರೀ ಕೆಟ್ಟ ಮಾದರಿ ಎಂಬ ಮನುಷ್ಯ ಹುಟ್ಟುವುದಿಲ್ಲ.

ಆ ಕಿವಿ ಕಾದಂಬರಿಯದೇ. 'ಕಸಪ್' ಎಂದರೆ ಕುಮಾವೂಂ ಮಾತಿನಲ್ಲಿ 'ಯಾರಿಗ್ಗೊತ್ತು' ಎಂದು. ಗುಡ್ಡಗಾಡಿನ ಬ್ರಾಹ್ಮಣ ಮನೆಗಳ ಆಡುಮಾತಿನ ಹಿಂದಿಯಲ್ಲಿ ಒಂದು ಪ್ರೇಮಕಥೆಯನ್ನು ಪೂರ್ತಿ ನಡೆಸಿದ ಆ ಪುಸ್ತಕ 'ಹಮ್ ಲೋಗ್'ಗಿಂತ ಸ್ವಲ್ಪವೇ ಮೊದಲು ಬಂತು. ಕಾದಂಬರಿಯಲ್ಲಿ ಆ ಭಾಷೆಯನ್ನು ಕೊಂಡಾಡಿದ ವಿಮರ್ಶಕರು ಅದೇ ಕಿವಿ ದೂರದರ್ಶನಕ್ಕೆ ಕೆಲಸ ಮಾಡಿದಾಗ ತಿರುಗಿ ನೋಡಲಿಲ್ಲ. ಚಿತ್ರಕಥೆ ಬರೆಯುವುದನ್ನು ಕಲಿಸಲು ಜೋಶಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಈ ಕೆಲಸವನ್ನು ಅವರು ಎಷ್ಟು ಗಂಭೀರವಾಗಿ ಹಿಡಿದಿದ್ದರು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಕನ್ನಡದಲ್ಲಿ ಟಿ. ಎನ್. ಸೀತಾರಾಮ್ ಅವರ 'ಮಾಯಾಮೃಗ'ದ ನಂತರ ಧಾರಾವಾಹಿಯನ್ನು ಬರೆದವರ ಹೆಸರಿನಿಂದ ಗುರುತಿಸುವ ರೂಢಿ ಬೆಳೆಯಿತು. ಹಿಂದಿಯಲ್ಲಿ ಆ ಗೌರವ ಜೋಶಿಯವರಿಗೆ ಅರ್ಧ ಮಾತ್ರ ಸಿಕ್ಕಿತು. ಹೆಸರು ಉಳಿಯಿತು, ಓದು ಹುಟ್ಟಲಿಲ್ಲ.

ಒಂದು ಲೆಕ್ಕವನ್ನು ವಿದ್ವಾಂಸರ ಪುಸ್ತಕದಿಂದಲೇ ತೆಗೆದು ಅವರ ಮುಂದೆ ಇಡಬಹುದು. ಉತ್ತರದಲ್ಲಿ ಟೀವಿ ನೋಡುವವರ ಪೈಕಿ ಶೇ. 65ರಿಂದ 90ರಷ್ಟು ಜನ 'ಹಮ್ ಲೋಗ್' ನೋಡುತ್ತಿದ್ದರೆ ದಕ್ಷಿಣದ ಮುಖ್ಯ ನಗರಗಳಲ್ಲಿ ಅದು ಶೇ. 20ರಿಂದ 45. ಭಾಷೆ ಬಾರದ ಕಡೆ ಇದು ಸೋಲು ಎಂದು ಓದಲಾಗಿದೆ. ತಿರುಗಿಸಿ ಓದಿದರೆ ಆಶ್ಚರ್ಯವಾಗುತ್ತದೆ. ಬೆಂಗಳೂರಿನಂಥ ಊರಿನಲ್ಲಿ, ಇದ್ದ ಒಂದೇ ಚಾನೆಲ್ಲಿನ ಮುಂದೆ, ಹಿಂದಿ ಅಷ್ಟಕ್ಕಷ್ಟೇ ಬರುವ ಮನೆಗಳಲ್ಲೂ ಅದನ್ನು ಕೂತು ನೋಡಿದವರು ಏನನ್ನು ನೋಡಿದರು? ಅಶೋಕ್ ಕುಮಾರರ ದ್ವಿಪದಿ, ಪ್ರಾಸ, ಚಮತ್ಕಾರ ಅವರನ್ನು ಮುಟ್ಟುವುದು ಕಷ್ಟವಿತ್ತು. ಬೀಗ ಹಾಕುವ ಅರ್ಧ ನಿಮಿಷ ಅವರ ಪಾಲಿಗೆ ಹೆಚ್ಚುಕಡಿಮೆ ಮೌನ. ಉಳಿದದ್ದು ಇಪ್ಪತ್ತು ನಿಮಿಷ: ಕುಡಿದು ಬರುವ ಗಂಡ, ಗದರುವ ಅತ್ತೆ, ಉತ್ತರ ಕೊಡದೆ ಕೆಲಸ ಮುಂದುವರಿಸುವ ತಾಯಿ. ಅದಕ್ಕೆ ಹಿಂದಿ ಬೇಕಿರಲಿಲ್ಲ. ಪಾಠವನ್ನು ಕಳೆದರೂ ಕಥೆ ನಿಂತಿತು.

ಕೊನೆಯ ದಿನಗಳಲ್ಲಿ ಅಶೋಕ್ ಕುಮಾರ್ ತಮ್ಮ ಮಾತು ಮುಗಿಸುವಾಗ 'ಹಮ್ ಲೋಗ್' ಎಂಬ ಎರಡು ಪದಗಳನ್ನು ಭಾರತದ ಬೇರೆ ಬೇರೆ ಭಾಷೆಗಳಲ್ಲಿ ಹೇಳುತ್ತಿದ್ದರು. ಹಿಂದಿಯಲ್ಲಿ ಆ 'ಲೋಗ್' ಎಷ್ಟೋ ಸಲ ಬೇಕಾಗುತ್ತದೆ, ಏಕೆಂದರೆ ಪೂರ್ವದ ಕಡೆ 'ಹಮ್' ಎಂದರೆ ಒಬ್ಬನೇ 'ನಾನು' ಎಂದೂ ಆಗುತ್ತದೆ. ಹಲವರು ಎಂದು ತಿಳಿಯಲು 'ಜನ' ಎಂಬ ಮಾತನ್ನು ಪಕ್ಕದಲ್ಲಿ ಸೇರಿಸಬೇಕು. ಕನ್ನಡಕ್ಕೆ ಅದರ ಅಗತ್ಯವಿಲ್ಲ. ನಾವು ಎಂದರೆ ಸಾಕು, ಮನೆಯಲ್ಲಿ ಎಷ್ಟು ಜನ ಇದ್ದರೂ ಅದರೊಳಗೆ ಹಿಡಿಸುತ್ತಾರೆ.